ಅಮೆರಿಕದ ವಾಸ್ತವವಾದಿ ಕಾದಂಬರಿಕಾರರ ನೈತಿಕ ನಿಲುವನ್ನು ಎಲ್ಲಿ ಹುಡುಕಬೇಕು?

ಅಮೆರಿಕದ ವಾಸ್ತವವಾದಿ ಲೇಖಕರ ನೈತಿಕ ಮತ್ತು ಸಾಮಾಜಿಕ ನಿಲುವುಗಳನ್ನು ತೋರಿಸುವ ಮಾತುಗಳನ್ನು ಪಟ್ಟಿ ಮಾಡುತ್ತಿದ್ದೀರಿ, ಯಾವ ಪಾತ್ರಗಳ ಮಾತನ್ನು ಸೇರಿಸಬೇಕು ಎಂದು ಕೇಳಿದ್ದೀರಿ. ಹದಿನಾಲ್ಕು ವರ್ಷಗಳ ಹಿಂದೆ ಎಂ.ಫಿಲ್. ಪ್ರಬಂಧಕ್ಕಾಗಿ ನಾನೂ ಇಂಥದೇ ಪಟ್ಟಿಯಿಂದ ಇನ್ನೂರು ಪುಟದ ನೋಟ್‌ಬುಕ್ಕೊಂದನ್ನು ತುಂಬಿಸಿದ್ದೆ. ಆ ನೋಟ್‌ಬುಕ್ಕು ನನ್ನ ಒಂದು ವರ್ಷವನ್ನು ನುಂಗಿತು.

ಅದರಲ್ಲಿ ಹೆಚ್ಚಿನ ಪುಟಗಳು ಕಾದಂಬರಿಕಾರ ವಿಲಿಯಂ ಡೀನ್ ಹೊವೆಲ್ಸ್ ಅವರವು. ಹತ್ತು ವರ್ಷ ‘ಅಟ್ಲಾಂಟಿಕ್ ಮಂತ್ಲಿ’ ಎಂಬ ಮಾಸಪತ್ರಿಕೆಯ ಸಂಪಾದಕರಾಗಿದ್ದ ಅವರು, ಬದುಕನ್ನು ಇದ್ದಂತೆಯೇ ಚಿತ್ರಿಸಬೇಕೆನ್ನುವ ವಾಸ್ತವವಾದದ ಪರವಾಗಿ ಬಹಿರಂಗವಾಗಿ ವಾದಿಸಿದವರು. ಅವರ 1885ರ ಕಾದಂಬರಿ ‘ದಿ ರೈಸ್ ಆಫ್ ಸೈಲಸ್ ಲ್ಯಾಫಮ್’ನಲ್ಲಿ ಸೂವೆಲ್ ಎಂಬ ಪಾದ್ರಿ ಬರುತ್ತಾನೆ. ಅರ್ಥವಿಲ್ಲದ ತ್ಯಾಗವನ್ನು ಹೊಗಳುವ ಕಾದಂಬರಿಗಳು ಓದುಗರನ್ನು ದಾರಿತಪ್ಪಿಸುತ್ತವೆ ಎಂದು ಅವನು ಔತಣದ ಮೇಜಿನಲ್ಲಿ ಹೇಳುತ್ತಾನೆ. ಮುಂದೆ, ಕಿರಿಯ ಮಗಳು ಆಸೆಪಟ್ಟಿದ್ದ ಯುವಕ ಹಿರಿಯಳನ್ನು ಪ್ರೀತಿಸುತ್ತಿದ್ದಾನೆಂದು ತಿಳಿದು ಲ್ಯಾಫಮ್ ದಂಪತಿ ಕಂಗೆಟ್ಟು ಬಂದಾಗ, ಮೂವರು ನರಳುವುದಕ್ಕಿಂತ ಒಬ್ಬಳು ನರಳುವುದು ಮೇಲೆಂದು ತಿಳಿಹೇಳುತ್ತಾನೆ. ನಾನು ಇವನ್ನೆಲ್ಲ ಬರೆದುಕೊಂಡು, ಪ್ರತಿಯೊಂದರ ಮುಂದೆಯೂ ‘ಹೊವೆಲ್ಸ್ ಹೇಳುತ್ತಾರೆ’ ಎಂದು ಸೇರಿಸಿದೆ.

ತಪ್ಪು ಆ ಎರಡು ಪದಗಳಲ್ಲಿತ್ತು. ಸೂವೆಲ್‌ನ ಮಾತಿಗೆ ಹೊವೆಲ್ಸ್ ಅವರ ಒಪ್ಪಿಗೆ ಇರಲಿಲ್ಲವೆಂದಲ್ಲ, ಬಹುಮಟ್ಟಿಗೆ ಇತ್ತು. ನಾನು ಮೋಸಹೋದದ್ದು ಅದರಿಂದಲೇ. ಲೇಖಕರಿಗೆ ಒಪ್ಪಿಗೆಯಾಗುವ ಮಾತು ಪಾತ್ರದ ಬಾಯಲ್ಲಿ ಸಿಕ್ಕೊಡನೆ ಕಾದಂಬರಿಯ ನಿಲುವೇ ಕೈಗೆ ಸಿಕ್ಕಿತೆಂದು ತಿಳಿದು, ಕಥೆ ಯಾರಿಂದ ಏನನ್ನು ಮಾಡಿಸುತ್ತದೆ, ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬುದನ್ನು ನೋಡುವುದನ್ನೇ ಬಿಟ್ಟಿದ್ದೆ. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು, “ನಿಮ್ಮ ವಿಧಾನದಲ್ಲಿಯೇ ಹಕಲ್‌ಬೆರಿ ಫಿನ್ನನ 31ನೆಯ ಅಧ್ಯಾಯ ಓದೋಣಮ್ಮ” ಎಂದರು. ಮಾರ್ಕ್ ಟ್ವೇನ್ ಅವರ ಆ ಕಾದಂಬರಿಯಲ್ಲಿ, ತಪ್ಪಿಸಿಕೊಂಡ ಗುಲಾಮ ಜಿಮ್ ಎಲ್ಲಿದ್ದಾನೆಂದು ಅವನ ಒಡತಿಗೆ ತಿಳಿಸುವ ಪತ್ರವನ್ನು ಹಕ್ ಎಂಬ ಹುಡುಗ ಬರೆಯುತ್ತಾನೆ. ಜಿಮ್‌ಗೆ ನೆರವಾಗುವುದು ಪಾಪವೆಂದು ಅವನು ಮನಸಾರೆ ನಂಬಿದ್ದಾನೆ. ಆದರೂ ಕೊನೆಗೆ, ಹಾಗಾದರೆ ನರಕಕ್ಕೇ ಹೋಗುತ್ತೇನೆ ಎಂದು ಪತ್ರವನ್ನು ಹರಿದುಹಾಕುತ್ತಾನೆ. “ಇಲ್ಲಿಯೂ ‘ಟ್ವೇನ್ ಹೇಳುತ್ತಾರೆ’ ಎಂದು ಬರೆಯುತ್ತೀರಾ?” ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಹಕ್‌ನ ತಲೆಯಲ್ಲಿರುವ ಪಾಪಪುಣ್ಯದ ಮಾತುಗಳೆಲ್ಲ ಗುಲಾಮರನ್ನು ಇಟ್ಟುಕೊಂಡ ಸಮಾಜ ಕಲಿಸಿಕೊಟ್ಟವು. ಸರಿಯಾದ ಕೆಲಸ ಮಾಡಿದ್ದು ಪತ್ರ ಹರಿದ ಅವನ ಕೈ. ಪ್ರಬಂಧವನ್ನು ತಿದ್ದಿ ಮತ್ತೆ ಸಲ್ಲಿಸಲು ಹೇಳಿದರು. ಆ ಜೂನ್‌ನಲ್ಲಿ ಸಿಗಬೇಕಿದ್ದ ಉಪನ್ಯಾಸಕಿಯ ಕೆಲಸ ಕೈತಪ್ಪಿತು.

ಮರಳಿ ಓದುವಾಗ ಲ್ಯಾಫಮ್‌ನ ಆ ರಾತ್ರಿ ಮೊದಲ ಸಲ ಕಣ್ಣಿಗೆ ಬಿತ್ತು. ಬಣ್ಣದ ವ್ಯಾಪಾರದಲ್ಲಿ ಮೇಲೆ ಬಂದ ಅವನು ಈಗ ದಿವಾಳಿಯ ಅಂಚಿನಲ್ಲಿದ್ದಾನೆ. ಅವನ ಬಳಿ ಇರುವ ಗಿರಣಿಗಳ ಬೆಲೆಯನ್ನು ರೈಲ್ವೆ ಕಂಪನಿಯೊಂದು ತನಗೆ ಬೇಕಾದಾಗ ಇಳಿಸಬಲ್ಲದು, ಅದು ಅವನಿಗೆ ಗೊತ್ತಿದೆ. ಹಳೆಯ ಪಾಲುದಾರ ರೋಜರ್ಸ್, ಗಿರಣಿಗಳನ್ನು ತನಗೆ ಮಾರಿಬಿಡು, ಇಂಗ್ಲೆಂಡಿನವರಿಗೆ ನಾನು ಮಾರಿಕೊಳ್ಳುತ್ತೇನೆ ಎನ್ನುತ್ತಾನೆ. ಒಪ್ಪಿದರೆ ಲ್ಯಾಫಮ್ ಉಳಿಯುತ್ತಾನೆ, ಕಾನೂನೂ ಅವನನ್ನು ತಡೆಯುವುದಿಲ್ಲ. ರಾತ್ರಿಯಿಡೀ ಅವನು ಕೋಣೆಯಲ್ಲಿ ಅತ್ತಿಂದಿತ್ತ ನಡೆದಾಡುವ ಸದ್ದು ಹೆಂಡತಿಗೆ ಕೇಳುತ್ತದೆ. ಆಗ ಪಾದ್ರಿ ಅಲ್ಲಿಲ್ಲ, ಉಪದೇಶವೂ ಇಲ್ಲ. ಅವನು ಮಾರುವುದಿಲ್ಲ, ಆಸ್ತಿ ಕಳೆದುಕೊಂಡು ವರ್ಮಾಂಟ್‌ನ ಹಳ್ಳಿಗೆ ಮರಳುತ್ತಾನೆ. ಕಾದಂಬರಿಯ ಹೆಸರಿನಲ್ಲಿರುವ ‘ರೈಸ್’ (ಏರಿಕೆ) ಎಂಬ ಪದ ಆ ಇಳಿತದ ಮೇಲೆ ನಿಂತಿದೆ. ನನ್ನ ನೋಟ್‌ಬುಕ್ಕಿನಲ್ಲಿ ಅದಕ್ಕೆ ಒಂದು ಸಾಲೂ ಇರಲಿಲ್ಲ.

ಸಾಮಾಜಿಕ ನಿಲುವಿನ ಮಾತೂ ಹೀಗೆಯೇ. ಕಾರ್ಮಿಕರ ಸಭೆಯಲ್ಲಿ ಬಾಂಬ್ ಸಿಡಿದ ಷಿಕಾಗೋದ ಹೇಮಾರ್ಕೆಟ್ ಪ್ರಕರಣದಲ್ಲಿ ಶಿಕ್ಷೆಗೆ ಗುರಿಯಾದವರ ಮರಣದಂಡನೆಯನ್ನು ಸೆರೆವಾಸಕ್ಕೆ ಇಳಿಸಬೇಕೆಂದು ಹೊವೆಲ್ಸ್ 1887ರಲ್ಲಿ ಪತ್ರಿಕೆಗೆ ಬಹಿರಂಗ ಪತ್ರ ಬರೆದರು. ನೇರವಾಗಿ ಹೇಳಬೇಕಾದದ್ದನ್ನು ನೇರವಾಗಿಯೇ ಹೇಳಿದರು. 1890ರ ‘ಎ ಹ್ಯಾಜರ್ಡ್ ಆಫ್ ನ್ಯೂ ಫಾರ್ಚೂನ್ಸ್’ನಲ್ಲಿ ಮಾತ್ರ ಟ್ರಾಮ್ ನೌಕರರ ಮುಷ್ಕರದ ಬೀದಿಯನ್ನು ತೋರಿಸಿದರು. ಅಲ್ಲಿ ಅಂತರ್ಯುದ್ಧದಲ್ಲಿ ಕೈ ಕಳೆದುಕೊಂಡಿದ್ದ ಮುದುಕ ಲಿಂಡೌ ಪೊಲೀಸನ ಲಾಠಿಯೇಟು ತಿನ್ನುತ್ತಾನೆ, ಗುಂಡು ತಗಲಿ ಸಾಯುವವನು ಮುಷ್ಕರವನ್ನು ದ್ವೇಷಿಸುವ ಕೋಟ್ಯಧೀಶನ ಮಗ. ಲಿಂಡೌನ ಸಮಾಜವಾದದ ಭಾಷಣವನ್ನಷ್ಟೇ ಬರೆದುಕೊಂಡರೆ ಈ ಸಾವು ನಿಮ್ಮ ಪಟ್ಟಿಯಿಂದ ಹೊರಗುಳಿಯುತ್ತದೆ.

ಆದ್ದರಿಂದ ಯಾರ ಮಾತು ಸೇರಿಸಬೇಕೆಂಬ ನಿಮ್ಮ ಪ್ರಶ್ನೆಗೆ ನಾನು ಉತ್ತರ ಕೊಡಲಾರೆ. ಪಟ್ಟಿಯನ್ನು ಬದಿಗಿಡಿ. ಹತ್ತು ಕಾದಂಬರಿಗಳೂ ಬೇಡ, ಎರಡೇ ಸಾಕು. ಪ್ರತಿಯೊಂದರಲ್ಲಿಯೂ ಒಂದು ಪಾತ್ರ ಲಾಭವನ್ನೋ ನೆಮ್ಮದಿಯನ್ನೋ ಬಿಟ್ಟುಕೊಡುವ ಒಂದೊಂದು ಅಧ್ಯಾಯವನ್ನು ಆರಿಸಿ, ಅಲ್ಲಿ ಕಥೆಗಾರ ಎಲ್ಲಿ ಸುಮ್ಮನಾಗುತ್ತಾನೆಂದು ಗಮನಿಸಿ. ‘ಲ್ಯಾಫಮ್’ನ ಕೊನೆಯ ಅಧ್ಯಾಯವನ್ನಂತೂ ಓದಲೇಬೇಕು. ಅಲ್ಲಿ ಸೂವೆಲ್ ವರ್ಮಾಂಟ್‌ಗೆ ಹೋಗಿ, ಮಾಡಿದ್ದಕ್ಕೆ ಎಂದಾದರೂ ಪಶ್ಚಾತ್ತಾಪವಾಗಿದೆಯೇ ಎಂದು ಲ್ಯಾಫಮ್‌ನನ್ನು ವಿಚಾರಿಸುತ್ತಾನೆ. ಅದನ್ನು ಮಾಡಿದವನು ತಾನೆಂದು ಯಾವಾಗಲೂ ಅನ್ನಿಸುವುದಿಲ್ಲ, ತನಗಾಗಿ ಒಂದು ಕಿಂಡಿ ತೆರೆದಂತಾಯಿತು, ತಾನು ಅದರಲ್ಲಿ ನುಸುಳಿ ಹೊರಗೆ ಬಂದೆ ಎಂದು ಲ್ಯಾಫಮ್ ತಡವರಿಸುತ್ತ ಹೇಳುತ್ತಾನೆ. ನಾನು ಪುಟಗಟ್ಟಲೆ ಉದ್ಧರಿಸಿದ್ದ ಪಾದ್ರಿ ಅಲ್ಲಿ ಕೇಳುತ್ತ ಕುಳಿತಿದ್ದಾನೆ.