ತಂಗೀ, ಮಾತು ಕಡಿಮೆಯಿರುವುದು ತಪ್ಪಲ್ಲ

ದುಬೈಯಲ್ಲಿ ಇದೇ ಕೆಲಸದಲ್ಲಿರುವ ನನ್ನನ್ನು ಕುಂದಾಪುರದ ತಂಗಿಯೊಬ್ಬಳು ಕೇಳಿದ್ದಾಳೆ. ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿದಿದೆ, ದುಬೈಯ ದೊಡ್ಡ ಹೋಟೆಲೊಂದರಲ್ಲಿ ವೇಟ್ರೆಸ್ ಕೆಲಸಕ್ಕೆ ಆಫರ್ ಬಂದಿದೆ, ಮುಂದಿನ ತಿಂಗಳು ಹೊರಡಬೇಕು. "ಅಕ್ಕಾ, ನನಗೆ ಮಾತು ಕಡಿಮೆ. ಯಾರಾದರೂ ಗಟ್ಟಿಯಾಗಿ ಹೇಳಿದರೆ ಕಣ್ಣಲ್ಲಿ ನೀರು ಬರುತ್ತದೆ. ಇಂಥ ಸ್ವಭಾವದವರಿಗೆ ಅಲ್ಲಿ ಆಗುತ್ತದಾ? ರೂಮು ಹೇಗಿರುತ್ತದೆ? ಸಂಬಳದಲ್ಲಿ ಎಷ್ಟು ಉಳಿಯುತ್ತದೆ? ಮನೆಯಿಂದ ಏನೇನು ತರಬೇಕು?"

ರೂಮು, ಸಂಬಳದ ಮಾತು ಮೊದಲು ಮುಗಿಸಿಬಿಡುತ್ತೇನೆ. ರೂಮಿನಲ್ಲಿ ಇಬ್ಬರೋ ನಾಲ್ವರೋ ಇರುತ್ತೀರಿ, ಕೆಲಸಕ್ಕೆ ಹೋಗಿಬರಲು ಕಂಪನಿ ಬಸ್ಸು. ಒಲೆ ಹಚ್ಚಲು ಬಿಡುತ್ತಾರೋ ಇಲ್ಲವೋ ಈಗಲೇ ಕೇಳಿಕೋ. ಎಷ್ಟೋ ಕಡೆ ಕ್ಯಾಂಟೀನ್ ಊಟವೇ ಗತಿ. ಎಷ್ಟು ಉಳಿಯುತ್ತದೆ ಎಂದು ನಾನು ಹೇಳಲಾರೆ, ಅದು ನಿನ್ನ ಮನೆಯ ಪರಿಸ್ಥಿತಿಯ ಮೇಲಿದೆ. ಆದರೆ ಆಫರ್ ಲೆಟರಿನಲ್ಲಿ ಒಟ್ಟು ಮೊತ್ತ ನೋಡಿ ಖುಷಿಪಡಬೇಡ, ಬೇಸಿಕ್, ಅಂದರೆ ಭತ್ಯೆಗಳನ್ನು ಬಿಟ್ಟ ಮೂಲ ಸಂಬಳ, ಎಷ್ಟೆಂದು ನೋಡು. ಒಂದು ವರ್ಷ ಪೂರೈಸಿದ ಮೇಲೆ ಕೆಲಸ ಬಿಟ್ಟರೆ ಸಿಗುವ ಗ್ರಾಚ್ಯುಟಿಯ ಲೆಕ್ಕ ಬೇಸಿಕ್ ಮೇಲೆಯೇ: ಮೊದಲ 5 ವರ್ಷಗಳಿಗೆ ವರ್ಷಕ್ಕೆ 21 ದಿನದ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ್ದು. ಇಲ್ಲಿನ ಹೋಟೆಲ್ ಬಿಲ್ಲುಗಳಲ್ಲಿ ಶೇ. 10 ಸರ್ವಿಸ್ ಚಾರ್ಜ್ ಎಂದು ಬರೆದಿರುತ್ತದೆ. ಅದು ತಾನಾಗಿ ನಿನ್ನ ಕೈಗೆ ಬರುವ ದುಡ್ಡಲ್ಲ. ಪಾಲು ಕೊಡುವ ಹೋಟೆಲಾದರೆ ಅದು ಕಾಗದದಲ್ಲಿರಬೇಕು. ವೀಸಾ ಮತ್ತು ನೇಮಕಾತಿಯ ಖರ್ಚನ್ನು ಕೆಲಸಗಾರರಿಂದ ವಸೂಲಿ ಮಾಡಬಾರದೆಂದು ಈ ದೇಶದ, ಅಂದರೆ ಯುಎಇಯ, 2021ರ ಕಾರ್ಮಿಕ ಕಾನೂನು ಹೇಳುತ್ತದೆ. ಹಾಗಾಗಿ ಏಜೆಂಟು ದುಡ್ಡು ಕೇಳಿದರೆ, ಅಥವಾ "ವಿಸಿಟ್ ವೀಸಾದಲ್ಲಿ ಬಾ, ಅಲ್ಲಿ ಬದಲಿಸೋಣ" ಎಂದರೆ ಹೊರಡಲೇಬೇಡ. ನಿನ್ನ ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಹಕ್ಕು ಯಾವ ಕಂಪನಿಗೂ ಇಲ್ಲ.

ಈಗ ನಿನ್ನ ಮೊದಲ ಪ್ರಶ್ನೆ. ಮಾತು ಕಡಿಮೆಯಿರುವವರಿಗೆ ಈ ಕೆಲಸ ಆಗುತ್ತದೆ. ಚೆನ್ನಾಗಿಯೇ ಆಗುತ್ತದೆ. ಗೆಸ್ಟ್ ಮಾತನಾಡುವಾಗ ಪೂರ್ತಿ ಕೇಳಿಸಿಕೊಳ್ಳುವವರು, ಟೇಬಲಿನ ಮೇಲೆ ನೀರು ಮುಗಿದದ್ದನ್ನು ಅವರು ಹೇಳುವ ಮೊದಲೇ ನೋಡುವವರು ಹೆಚ್ಚಾಗಿ ನಿನ್ನಂಥವರೇ. ಆಗದಿರುವುದು ಬೇರೆಯೊಂದು. ಅದಕ್ಕೆ ನಮ್ಮೂರಲ್ಲಿ ಸಂಕೋಚ ಅನ್ನುತ್ತೇವೆ, ಅದನ್ನು ಒಳ್ಳೆಯ ಗುಣ ಎಂದು ಹೇಳಿಕೊಟ್ಟೇ ನಮ್ಮನ್ನು ಬೆಳೆಸಿದ್ದಾರೆ. ದೊಡ್ಡವರ ಮಾತಿಗೆ ಎದುರಾಡಬೇಡ, ಗೊತ್ತಿಲ್ಲ ಎಂದು ಮುಖಕ್ಕೆ ಹೇಳಬೇಡ, ತಪ್ಪಾದರೆ ಮೆಲ್ಲಗೆ ಸರಿಮಾಡು. ಇಲ್ಲಿ ಜನರಿಗೆ ಅಪಾಯ ಆಗುವುದು ಈ ಮೂರರಿಂದಲೇ.

ನಾನು ಬಂದ ಹೊಸದರಲ್ಲಿ ಅರ್ಥವಾಗದ್ದಕ್ಕೂ ತಲೆಯಾಡಿಸಿ "ಎಸ್ ಮೇಡಂ" ಎನ್ನುತ್ತಿದ್ದೆ. ಗ್ರೇವಿಗೆ ಗೋಡಂಬಿ ಹಾಕಿದ್ದೀರಾ ಎಂದು ಒಬ್ಬ ತಾಯಿ ಕೇಳಿದಾಗ, ಒಳಗೆ ಹೋಗಿ ಕೇಳಲು ನಾಚಿಕೆಯಾಗಿ "ಇಲ್ಲ" ಎಂದುಬಿಟ್ಟೆ. ಅದನ್ನು ತಿಂದ ಅವರ ಮಗುವಿಗೆ ಗೋಡಂಬಿ ಅಲರ್ಜಿಯಿತ್ತು. ಮಗು ಉಳಿಯಿತು. ಅದರ ಊದಿದ ತುಟಿ ಮಾತ್ರ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ. ಅದಕ್ಕೇ ಈ ಒಂದು ವಿಷಯವನ್ನು ನಿನಗೆ ಉದ್ದಕ್ಕೆ ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ.

ಗೆಸ್ಟ್ ಅಲರ್ಜಿ ಎಂಬ ಪದ ಆಡಿದ ಕೂಡಲೇ ಪೆನ್ನು ನಿಲ್ಲಿಸಿ ಅವರ ಮುಖ ನೋಡು. ಯಾವುದಕ್ಕೆ ಅಲರ್ಜಿ, ತಿಂದರೆ ಮಾತ್ರವೋ ಅದೇ ಎಣ್ಣೆಯಲ್ಲಿ ಕರಿದಿದ್ದರೂ ಆಗದೋ ಎಂದು ಕೇಳು. ಅವರು ಹೇಳಿದ್ದನ್ನು ಅವರಿಗೇ ತಿರುಗಿ ಹೇಳು. ಆರ್ಡರ್ ಮೆಷಿನ್ನಿನಲ್ಲಿ ಸೀಟ್ ನಂಬರಿನ ಜೊತೆ ಅಲರ್ಜಿ ಎಂದು ಹಾಕು. ಅಷ್ಟಕ್ಕೇ ಬಿಡಬೇಡ, ಚೀಟಿಯ ಸಣ್ಣ ಅಕ್ಷರ ರಷ್ ಹೊತ್ತಿನಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಪಾಸ್, ಅಂದರೆ ಅಡುಗೆಮನೆಯಿಂದ ತಟ್ಟೆಗಳು ಹೊರಬರುವ ಕಟ್ಟೆ, ಅದರ ಹತ್ತಿರ ಹೋಗಿ ಚೆಫ್‌ಗೆ ಬಾಯಲ್ಲಿ ಹೇಳು, ಅವರು ತಿರುಗಿ ಹೇಳುವವರೆಗೆ ಅಲ್ಲಿಂದ ಕದಲಬೇಡ. ಆ ತಟ್ಟೆಯನ್ನು ಬೇರೆ ತಟ್ಟೆಗಳ ಜೊತೆ ತೋಳಿನ ಮೇಲೆ ಜೋಡಿಸದೆ ಒಂಟಿಯಾಗಿ ಒಯ್ದು ಇಡು, ಇಡುವಾಗ "ಇದು ಗೋಡಂಬಿ ಹಾಕದ್ದು" ಎಂದು ಹೇಳು. ಮೇಲೆ ತಪ್ಪಿ ಪಿಸ್ತಾ ಉದುರಿಸಿದ್ದರೆ ಚಮಚದಲ್ಲಿ ತೆಗೆದು ಕೊಡುವ ಯೋಚನೆ ಬೇಡ. ಪುಡಿ ಅಲ್ಲೇ ಉಳಿದಿರುತ್ತದೆ. ತಟ್ಟೆಯನ್ನೇ ವಾಪಸ್ ಕಳಿಸಿ ಹೊಸದು ಮಾಡಿಸು.

ಎಲ್ಲಿ ಏನು ಅಡಗಿರುತ್ತದೆ ಎಂಬುದು ಬಾಯಿಪಾಠ ಬರಬೇಕು. ಬಿಳಿ ಗ್ರೇವಿಯಲ್ಲಿ ಗೋಡಂಬಿ ಅರೆದಿರುತ್ತಾರೆ, ಅದು ನಿನಗೇ ಗೊತ್ತು. ಹಮ್ಮುಸ್ ಎಂಬ ಕಡಲೆ ಚಟ್ನಿಯಲ್ಲಿ ಎಳ್ಳಿನ ಪೇಸ್ಟ್, ಮುಹಮ್ಮರ ಎಂಬ ಕೆಂಪು ಮೆಣಸಿನ ಚಟ್ನಿಯಲ್ಲಿ ಅಕ್ರೋಟ್, ಬಕ್ಲಾವ ಎಂಬ ಸಿಹಿಯಲ್ಲಿ ಪಿಸ್ತಾ ಅಥವಾ ಅಕ್ರೋಟ್, ಸೋಯಾ ಸಾಸಿನಲ್ಲಿ ಗೋಧಿ. ಸೀಸರ್ ಸಲಾಡಿನ ಡ್ರೆಸ್ಸಿಂಗಿನಲ್ಲಿ ಸಾಮಾನ್ಯವಾಗಿ ಆಂಚೊವಿ ಎಂಬ ಸಣ್ಣ ಮೀನು ಇರುತ್ತದೆ. ನಮ್ಮೂರಿಂದ ಬಂದ ಸಸ್ಯಾಹಾರಿಗಳಿಗೆ ಇದು ಗೊತ್ತಿರುವುದಿಲ್ಲ, ಹಸಿರು ಸೊಪ್ಪು ನೋಡಿ ನಂಬಿ ತಿಂದುಬಿಡುತ್ತಾರೆ. ಅವರು ಕೇಳದಿದ್ದರೂ ನೀನೇ ಹೇಳು. ಹಾಗೆಯೇ ನಮ್ಮ ವೆಜ್ ಅಂದರೆ ಮೊಟ್ಟೆ ಇಲ್ಲ. ಇಲ್ಲಿ ಎಷ್ಟೋ ಚೆಫ್‌ಗಳ ವೆಜಿಟೇರಿಯನ್‌ನಲ್ಲಿ ಮೊಟ್ಟೆ ಇರುತ್ತದೆ. ಇವಿಷ್ಟೂ ಗೊತ್ತಿದ್ದೂ ಒಂದು ಅನುಮಾನ ಬಂದರೆ "ನನಗೆ ಖಚಿತವಿಲ್ಲ, ಒಂದು ನಿಮಿಷ, ಚೆಫ್ ಹತ್ತಿರ ಕೇಳಿಕೊಂಡು ಬರುತ್ತೇನೆ" ಎನ್ನು. ಈ ಒಂದು ವಾಕ್ಯಕ್ಕೆ ಯಾವ ಗೆಸ್ಟೂ ಬೈಯುವುದಿಲ್ಲ.

ತಪ್ಪು ಮುಚ್ಚಿಡುವ ಅಭ್ಯಾಸವೂ ಇದೇ ಸಂಕೋಚದ ತಂಗಿ. ಐಸ್ ಇರುವ ಡಬ್ಬದ ಹತ್ತಿರ ಗ್ಲಾಸು ಒಡೆಯಿತು ಎಂದಿಟ್ಟುಕೋ. ಕಾಣುವ ಚೂರು ಹೆಕ್ಕಿ ಸುಮ್ಮನಿದ್ದರೆ, ಕಾಣದ ಚೂರು ಯಾರದೋ ಗಂಟಲಿಗೆ ಹೋಗುತ್ತದೆ. ಐಸೂ ಗಾಜೂ ಒಂದೇ ಬಣ್ಣ. ಕೂಡಲೇ ಗಟ್ಟಿಯಾಗಿ ಹೇಳು. ಬೇರೆಯವರು ಅದರಿಂದ ತುಂಬಿಸದಂತೆ ಮೇಲೆ ಕೆಂಪು ಸಿರಪ್ ಸುರಿದು ಗುರುತು ಮಾಡುತ್ತಾರೆ. ಆಮೇಲೆ ಬಿಸಿನೀರು ಹಾಕಿ ಐಸನ್ನೆಲ್ಲ ಕರಗಿಸಿ, ಡಬ್ಬ ಖಾಲಿ ಮಾಡಿ, ಒರೆಸಿ, ಹೊಸ ಐಸ್ ತುಂಬಬೇಕು. ಹತ್ತಿಪ್ಪತ್ತು ನಿಮಿಷ ಬಾರ್ ನಿಲ್ಲುತ್ತದೆ, ಮ್ಯಾನೇಜರ್ ಮುಖ ಗಂಟು ಹಾಕುತ್ತಾರೆ. ನಿಲ್ಲಲಿ. ವಾಂತಿ ಭೇದಿ ಆಗುತ್ತಿದ್ದರೂ "ಎಲ್ಲರಿಗೂ ಕಷ್ಟವಾಗುತ್ತದಲ್ಲ" ಎಂದು ಕೆಲಸಕ್ಕೆ ಬರುವ ಹುಡುಗಿಯರಿದ್ದಾರೆ. ಆಹಾರ ಮುಟ್ಟುವ ಕೈ ನಮ್ಮದು, ತಂಗೀ. ಸೂಪರ್‌ವೈಸರಿಗೆ ತಿಳಿಸಿ, ಡಾಕ್ಟರ ಚೀಟಿ ತೆಗೆದುಕೊಂಡು, ರೂಮಿನಲ್ಲೇ ಇರು.

ಅಡುಗೆಮನೆಯೊಳಗೆ ಮೆಲ್ಲನೆ ನಡೆದು ಬರುವುದು ಮರ್ಯಾದೆಯಲ್ಲ, ಅಪಾಯ. ಯಾರ ಬೆನ್ನ ಹಿಂದೆ ಹೋಗುವಾಗಲೂ "ಬಿಹೈಂಡ್", ಬಿಸಿ ಪಾತ್ರೆ ಹಿಡಿದಿದ್ದರೆ "ಹಾಟ್", ಮೂಲೆ ತಿರುಗುವಾಗ "ಕಾರ್ನರ್" ಎಂದು ಕೂಗಬೇಕು. ಕೂಗದಿದ್ದರೆ ಎದುರಿನವರು ಎಣ್ಣೆ ಬಾಣಲೆ ಹಿಡಿದು ತಿರುಗುತ್ತಾರೆ. ರೂಮಿನಲ್ಲಿ ಕನ್ನಡಿ ಮುಂದೆ ನಿಂತು ಈ ಮೂರು ಪದ ಕೂಗಿ ಅಭ್ಯಾಸ ಮಾಡು. ಚೆಫ್ ಆರ್ಡರ್ ಕೂಗಿದಾಗ ಬರೀ "ಎಸ್ ಚೆಫ್" ಸಾಲದು, ಅವರು ಹೇಳಿದ ಸಂಖ್ಯೆಯನ್ನೂ ತಿರುಗಿ ಹೇಳಬೇಕು. ಅವರ ದನಿ ಏರಿದರೆ ಅದು ಗದ್ದಲದ ಮೇಲೆ ಕೇಳಿಸಲು ಏರಿದ್ದು ಎಂದು ತಿಳಿ. ಹೆಸರು ಹಿಡಿದು ಅವಮಾನ ಮಾಡಿದರೆ, ಮನೆಯವರನ್ನು ಎತ್ತಿ ಬೈದರೆ ಅದು ಬೇರೆ. ದಿನಾಂಕ, ಹೊತ್ತು, ಎದುರಿಗಿದ್ದವರು ಯಾರು ಎಂದು ಬರೆದಿಟ್ಟು ಎಚ್‌ಆರ್‌ಗೆ ಕೊಡು. ಸಿಟ್ಟಿನಲ್ಲಿ ವಾಟ್ಸ್‌ಆ್ಯಪಿನಲ್ಲಿ ಬೈಯಬೇಡ. ಇಲ್ಲಿ ಮೆಸೇಜಿನಲ್ಲಿ ಬೈದರೂ ಕೇಸಾಗುತ್ತದೆ. ಗೆಸ್ಟ್‌ಗಳ ಫೋಟೋ ಅವರನ್ನು ಕೇಳದೆ ತೆಗೆಯುವುದೂ ಅಪರಾಧ.

ತಲೆಯಾಡಿಸುವುದನ್ನು ಬಿಡು. ನಾವು ಎಡಕ್ಕೂ ಬಲಕ್ಕೂ ತಲೆ ವಾಲಿಸಿ ಹೂಂ ಎನ್ನುವುದು ಫಿಲಿಪೀನ್ಸಿನವರಿಗೋ ರಷ್ಯಾದವರಿಗೋ "ಇಲ್ಲ" ಎಂದೋ "ನೋಡೋಣ" ಎಂದೋ ಕಾಣುತ್ತದೆ. ಇನ್ನು ಇಂಗ್ಲಿಷು. ವ್ಯಾಕರಣ ತಪ್ಪಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ನಮ್ಮ ತೊಂದರೆ ಬೇರೆ. ಕನ್ನಡದಲ್ಲಿ ಮರ್ಯಾದೆ ಇರುವುದು ಕ್ರಿಯಾಪದದ ಬಾಲದಲ್ಲಿ: ಬನ್ನಿ, ಕೂತ್ಕೊಳ್ಳಿ, ಏನು ಬೇಕಿತ್ತು? ಇಂಗ್ಲಿಷಿಗೆ ಆ ಬಾಲವಿಲ್ಲ. "ಸಿಟ್" ಎಂದರೆ "ಕೂತ್ಕೋ" ಎಂದ ಹಾಗೆ, "ವಾಟ್ ಯು ವಾಂಟ್" ಎಂದರೆ ಜಗಳಕ್ಕೆ ನಿಂತ ಹಾಗೆ. ಅದಕ್ಕೆ ವಾಕ್ಯದ ಮುಂದೆ "ಮೇ ಐ", "ವುಡ್ ಯು ಲೈಕ್" ಸೇರಿಸಬೇಕು. ಮನಸ್ಸಿನಲ್ಲಿ ಎಷ್ಟೇ ಗೌರವವಿದ್ದರೂ ಈ ಎರಡು ತುಂಡು ಇಲ್ಲದಿದ್ದರೆ ಅದು ಗೆಸ್ಟ್‌ಗೆ ಮುಟ್ಟುವುದಿಲ್ಲ. ನಮ್ಮೂರ ಹೋಟೆಲಿನ ಮಾಣಿ ಏನೂ ಬರೆದುಕೊಳ್ಳದೆ ಹತ್ತು ಜನರ ತಿಂಡಿ ನೆನಪಿಟ್ಟು ಒಂದೇ ಉಸಿರಿಗೆ ಹೇಳುತ್ತಾನಲ್ಲ, ಆ ಬುದ್ಧಿ ನಿನ್ನಲ್ಲೂ ಇದ್ದರೆ ಇಲ್ಲಿ ಎಲ್ಲರಿಗಿಂತ ಮುಂದೆ ಹೋಗುತ್ತೀ. ಆದರೂ ಬರೆದುಕೋ.

ಬಡಿಸುವ ಕ್ರಮ ಕಾಲೇಜಿನಲ್ಲಿ ಕಲಿತದ್ದೇ. ಊಟ ಇಟ್ಟ ಮೇಲೆ ಎರಡು ತುತ್ತಾಗುವಷ್ಟರಲ್ಲಿ ಒಮ್ಮೆ ಹೋಗಿ ಕೇಳು, ಪೂರ್ತಿ ತಿಂದ ಮೇಲೆ ಕೇಳಿ ಪ್ರಯೋಜನವಿಲ್ಲ. ಒಬ್ಬರ ತಟ್ಟೆ ಖಾಲಿಯಾಯಿತೆಂದು ಎತ್ತಬೇಡ, ಪಂಕ್ತಿಯಲ್ಲಿ ಎಲ್ಲರ ಊಟ ಮುಗಿಯುವವರೆಗೆ ಏಳದ ನಮಗೆ ಇದನ್ನು ಬೇರೆ ಹೇಳಿಕೊಡಬೇಕಿಲ್ಲ. ಅರಬ್ಬರ ಕಾಫಿ, ಗಹ್ವಾ, ಬಡಿಸುವಾಗ ದಲ್ಲಾ ಎಂಬ ಹೂಜಿ ಎಡಗೈಯಲ್ಲಿ, ಪುಟ್ಟ ಕಪ್ಪು ಬಲಗೈಯಲ್ಲಿ, ಕೊಡುವುದು ಬಲಗೈಯಿಂದ. ಕಪ್ಪಿನ ತಳದಲ್ಲಿ ಸ್ವಲ್ಪವೇ ಹಾಕಬೇಕು. ನಮ್ಮ ಮನೆಗಳ ಹಾಗೆ ಲೋಟ ತುಂಬಿಸಿ ಉಪಚಾರ ಮಾಡಿದರೆ "ಕುಡಿದು ಹೊರಡಿ" ಎಂದಂತೆ. ಸಾಕೆನಿಸಿದವರು ಕಪ್ಪನ್ನು ಅಲ್ಲಾಡಿಸುತ್ತಾರೆ, ಅಲ್ಲಿಯವರೆಗೆ ಹಾಕುತ್ತಿರು. ರಂಜಾನಿನಲ್ಲಿ ಎಲ್ಲರಿಗೂ ದಿನಕ್ಕೆ 2 ಗಂಟೆ ಕೆಲಸ ಕಡಿಮೆ ಎಂದು ನಿಯಮವಿದೆ, ಆದರೆ ಇಫ್ತಾರ್ ಬಫೆಯ ಆ ಒಂದು ಗಂಟೆಯಲ್ಲಿ ಕಾಲು ನೆಲಕ್ಕೆ ತಾಗುವುದಿಲ್ಲ.

ನೀನು ಕೇಳಲಿಲ್ಲ, ನಾನೇ ಹೇಳುತ್ತೇನೆ. ಕೆಲವು ಗೆಸ್ಟ್‌ಗಳು ನಂಬರ್ ಕೇಳುತ್ತಾರೆ, ಕೈ ಹಿಡಿದು ಮಾತಾಡಿಸುತ್ತಾರೆ. ನಗುನಗುತ್ತಾ ತಪ್ಪಿಸಿಕೊಳ್ಳಲು ಹೋದರೆ ಅವರಿಗೆ ಒಪ್ಪಿದಂತೆ ಕಾಣುತ್ತದೆ. ಒಂದು ಹೆಜ್ಜೆ ಹಿಂದೆ ಸರಿದು, ನಗು ನಿಲ್ಲಿಸಿ, "ಹೋಟೆಲಿನ ನಿಯಮ, ಕೊಡುವಂತಿಲ್ಲ" ಎಂದು ಒಂದೇ ವಾಕ್ಯದಲ್ಲಿ ಮುಗಿಸಿ, ಆ ಟೇಬಲನ್ನು ಬೇರೆಯವರಿಗೆ ಕೊಡಲು ಸೂಪರ್‌ವೈಸರಿಗೆ ಹೇಳು. ಕೆಲಸ ಹೋಗುತ್ತದೆ ಎಂದು ಹೆದರಿ ಸಹಿಸಬೇಡ.

ಪ್ರೊಬೇಷನ್, ಅಂದರೆ ನಿನ್ನ ಕೆಲಸ ನೋಡುವ ಮೊದಲ ಅವಧಿ, 6 ತಿಂಗಳಿಗಿಂತ ಹೆಚ್ಚು ಇಡುವಂತಿಲ್ಲ. ಆ ಅವಧಿಯಲ್ಲಿ ನಿನ್ನನ್ನು ತೆಗೆಯಬೇಕಾದರೆ ಅವರು 14 ದಿನದ ನೋಟಿಸ್ ಕೊಡಬೇಕು, ನೀನು ಬಿಟ್ಟು ಊರಿಗೆ ಹೋಗುವುದಾದರೂ 14 ದಿನ, ಇಲ್ಲೇ ಬೇರೆ ಕಡೆ ಸೇರುವುದಾದರೆ ಒಂದು ತಿಂಗಳು. ಮೆತ್ತಗಿನವರ ಮೇಲೆ ಬೇರೆಯವರ ಕೆಲಸವೂ ಬೀಳುತ್ತದೆ. ಬಂದ ಹೊತ್ತು, ಹೋದ ಹೊತ್ತು ಮೊದಲ ದಿನದಿಂದಲೇ ಒಂದು ಪುಸ್ತಕದಲ್ಲಿ ಬರೆ. ದಿನಕ್ಕೆ 8 ಗಂಟೆ, ವಾರಕ್ಕೆ 48, ಅದರ ಮೇಲಿನದ್ದು ಓವರ್‌ಟೈಮ್. ಹೆಚ್ಚಿನ ಕಡೆ ಶಿಫ್ಟ್ ಮಧ್ಯಾಹ್ನಕ್ಕೊಂದು, ರಾತ್ರಿಗೊಂದು ಎಂದು ತುಂಡಾಗಿರುತ್ತದೆ. ನಡುವಿನ ಮೂರು ಗಂಟೆಯಲ್ಲಿ ಊರಿಗೆ ಫೋನ್ ಮಾಡುತ್ತಾ ಕೂರಬೇಡ, ಮಲಗು.

ಇನ್ನು ಸಾಮಾನು. ಕಾಲಿಗೆ ಆಗಲೇ ಒಗ್ಗಿದ, ಜಾರದ ಕಪ್ಪು ಶೂ ಒಂದು ಜೊತೆ ತಾ. ಕುಚ್ಚಲಕ್ಕಿ ಹೊರಬೇಡ, ದುಬೈಯ ಕರಾಮ ಬಡಾವಣೆಯ ಅಂಗಡಿಗಳಲ್ಲಿ ಸಿಗುತ್ತದೆ. ಒಣಮೀನು ತಂದರೆ ರೂಮಿನ ಉಳಿದವರಿಗೆ ವಾಸನೆ ಕಷ್ಟ. ಕೊಡೀನ್ ಇರುವ ಕೆಮ್ಮಿನ ಔಷಧ, ಟ್ರಮಾಡಾಲ್ ಇರುವ ನೋವಿನ ಮಾತ್ರೆ ಬ್ಯಾಗಿನಲ್ಲಿ ಇರಲೇಬಾರದು. ಗಸಗಸೆ ಈ ದೇಶದಲ್ಲಿ ನಿಷಿದ್ಧ, ಒಂದು ಹಿಡಿ ಸಿಕ್ಕರೂ ಮಾದಕ ವಸ್ತುವಿನ ಕೇಸು. ಲಡ್ಡುವಿನ ಮೇಲೆ ಅಂಟಿಸಿದ್ದರೂ ಬೇಡ. ನಿನ್ನ ಅಮ್ಮ ಮಸಾಲೆ ಪುಡಿಗೆ ಗಸಗಸೆ ಹುರಿದು ಹಾಕುವವರಾದರೆ ಅದಿಲ್ಲದೆ ಬೇರೆಯೇ ಮಾಡಿಸಿಕೋ, ಅರೆಯುವ ಮೊದಲು ಮಿಕ್ಸಿ ಜಾರ್ ತೊಳೆಯಲು ಹೇಳು. ಮೂರು ತಿಂಗಳಿಗೆ ಸಾಕಾಗುವಷ್ಟು ಕಟ್ಟಿಸಿಕೋ, ರೂಮಿನವರೂ ಕೇಳುತ್ತಾರೆ.