ನಂಬರ್ ನೋಡಿ ಕಳುಹಿಸಿದರೆ ಸಾಲದು

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಪಟ್ಟಣವೊಂದರಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ಆಪ್ಟೋಮೆಟ್ರಿಸ್ಟ್. ಹುಬ್ಬಳ್ಳಿಯಲ್ಲಿ ಗ್ಲಾಕೋಮಾ (ದೃಷ್ಟಿನರ ಹಾಳಾಗುವ ಕಣ್ಣಿನ ರೋಗ) ಚಿಕಿತ್ಸೆ ಪಡೆಯುತ್ತಿರುವ ಕೆಲವರು ನಂಬರ್ ಪರೀಕ್ಷೆಗೆ ನನ್ನಲ್ಲಿಗೆ ಬರುತ್ತಾರೆ. ಅವರಿಗೆ ಔಷಧ ಬರೆಯುವುದು ನೇತ್ರತಜ್ಞರ ಕೆಲಸ. ಹಾಗಿದ್ದಾಗ ನನ್ನಿಂದ ಏನು ಸಾಧ್ಯ?

ಉತ್ತರ: ನೇತ್ರತಜ್ಞರನ್ನು ಆರು ತಿಂಗಳಿಗೊಮ್ಮೆ ಕಾಣುವ ರೋಗಿ ನಿಮ್ಮ ಅಂಗಡಿಯ ಮುಂದೆ ವಾರವಾರವೂ ಹಾದುಹೋಗುತ್ತಿರಬಹುದು, ನಿಮ್ಮ ಅನುಕೂಲವೇ ಅದು. ಮೊದಲನೆಯದಾಗಿ, ಔಷಧದ ಬಾಟಲಿಯನ್ನು ತರಹೇಳಿ, ನಿಮ್ಮೆದುರೇ ಹನಿ ಹಾಕಿಕೊಳ್ಳಲು ಹೇಳಿ. ವರ್ಷಗಟ್ಟಲೆ ತಪ್ಪದೆ ಹಾಕುತ್ತಿದ್ದೇನೆ ಎನ್ನುವವರ ಹನಿಯೂ ಕೆನ್ನೆಯ ಮೇಲೆ ಇಳಿಯುವುದನ್ನು, ಬಾಟಲಿಯ ತುದಿ ರೆಪ್ಪೆಗೆ ತಾಗುವುದನ್ನು ಆಗ ಕಾಣುವಿರಿ. ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಒಂದೇ ಹನಿ ಬಿಟ್ಟು, ಕಣ್ಣು ಮುಚ್ಚಿ, ಮೂಗಿನ ಬದಿಯ ಮೂಲೆಯನ್ನು ಒಂದೆರಡು ನಿಮಿಷ ಬೆರಳಿನಿಂದ ಒತ್ತಿಕೊಳ್ಳುವುದನ್ನು ಕಲಿಸಿದರೆ ಔಷಧ ಕಣ್ಣಿನಲ್ಲೇ ಉಳಿಯುತ್ತದೆ, ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಎರಡು ಬಗೆಯ ಹನಿಗಳಿದ್ದರೆ ನಡುವೆ ಕನಿಷ್ಠ 5 ನಿಮಿಷದ ಅಂತರ ಬೇಕು. ಕೈ ನಡುಗುವವರಿದ್ದರೆ ಜೊತೆಗೆ ಬಂದ ಮಗಳಿಗೋ ಸೊಸೆಗೋ ಇದನ್ನು ಹೇಳಿಕೊಡಿ.

ಅನೇಕರು ಔಷಧ ನಿಲ್ಲಿಸುವುದು ಮರೆವಿನಿಂದಲ್ಲ, ಇಷ್ಟು ಹಾಕಿದರೂ ದೃಷ್ಟಿ ಸುಧಾರಿಸಲಿಲ್ಲವೆಂಬ ಬೇಸರದಿಂದ. ಹಾಳಾದ ದೃಷ್ಟಿನರ ಮರಳಿ ಸರಿಹೋಗುವುದಿಲ್ಲ, ಉಳಿದ ದೃಷ್ಟಿಯನ್ನು ಕಾಯುವುದಕ್ಕಷ್ಟೇ ಈ ಹನಿಗಳು ಎಂಬ ಮಾತನ್ನು ಆಸ್ಪತ್ರೆಯ ಗಡಿಬಿಡಿಯಲ್ಲಿ ಅವರು ಕೇಳಿಸಿಕೊಂಡಿರುವುದಿಲ್ಲ. ನೀವು ನಿಧಾನವಾಗಿ ಹೇಳಿ.

ಒತ್ತಡ ಅಳೆಯುವ ಉಪಕರಣ ನಿಮ್ಮಲ್ಲಿದ್ದರೆ ಅಳತೆಯ ಜೊತೆಗೆ ಸಮಯವನ್ನೂ, ಹಿಂದಿನ ಹನಿ ಯಾವಾಗ ಬಿದ್ದಿತೆಂಬುದನ್ನೂ ಬರೆದಿಡಿ, ಏಕೆಂದರೆ ಕಣ್ಣಿನ ಒತ್ತಡ ದಿನವಿಡೀ ಒಂದೇ ರೀತಿ ಇರುವುದಿಲ್ಲ. ಆದರೆ ಸಾಮಾನ್ಯ ಮಿತಿಯೆನ್ನುವ 21ಕ್ಕಿಂತ (ಮಿ.ಮೀ. ಪಾದರಸ) ಕಡಿಮೆ ಬಂತೆಂದು ಧೈರ್ಯ ಹೇಳಿ ಕಳುಹಿಸಬೇಡಿ: ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ತೆಳುವಾಗಿದ್ದರೆ ಯಂತ್ರ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಸಾಮಾನ್ಯ ಒತ್ತಡದಲ್ಲಿಯೂ ನರ ಸವೆಯುವುದುಂಟು. ಬೋರ್ಡಿನ ಕೊನೆಯ ಸಾಲನ್ನು ಸರಾಗವಾಗಿ ಓದುವವರಿಗೂ ಅಂಚಿನ ನೋಟ ಕಳೆದುಹೋಗಿರಬಹುದು. ಆದ್ದರಿಂದ ಹಳೆಯ ಫೀಲ್ಡ್ (ನೋಟದ ವ್ಯಾಪ್ತಿಯ ಪರೀಕ್ಷೆ) ಮತ್ತು ಓಸಿಟಿ (ಕಣ್ಣಿನ ಹಿಂಭಾಗದ ನರಪದರದ ಸ್ಕ್ಯಾನ್) ವರದಿಗಳನ್ನು ಒಂದೇ ಫೈಲಿನಲ್ಲಿಟ್ಟು ಪ್ರತಿ ಭೇಟಿಗೂ ಒಯ್ಯಲು ಹೇಳಿ. ಮೆಟ್ಟಿಲು ಇಳಿಯುವಾಗ ಎಡವುವಿರಾ, ಸಂಜೆ ಬೈಕ್ ಓಡಿಸುವಾಗ ಪಕ್ಕದಿಂದ ಬರುವ ವಾಹನ ತಡವಾಗಿ ಕಾಣುವುದೇ ಎಂದೂ ಕೇಳಿ. ಅವರ ಅಣ್ಣತಮ್ಮಂದಿರು, ಅಕ್ಕತಂಗಿಯರು ಮತ್ತು ಮಕ್ಕಳಿಗೆ ಈ ರೋಗದ ಸಾಧ್ಯತೆ ಹೆಚ್ಚು. ಅವರನ್ನೂ ತಪಾಸಣೆಗೆ ಕರೆಸಿ.

ತೀವ್ರ ನೋವು, ಕೆಂಪು, ದೀಪದ ಸುತ್ತ ಬಣ್ಣದ ಬಳೆ, ವಾಂತಿ ಇವುಗಳೊಂದಿಗೆ ಯಾರಾದರೂ ಬಂದರೆ ನಂಬರ್ ನೋಡುತ್ತ ಕೂರದೆ ಆಗಲೇ ಕಣ್ಣಿನ ಆಸ್ಪತ್ರೆಗೆ ಕಳುಹಿಸಿ.

ಪ್ರಶ್ನೆ: ನನ್ನ ತಾಯಿಗೆ ಆಸ್ತಮಾ ಇದೆ. ಗ್ಲಾಕೋಮಾಕ್ಕೆ ಹನಿ ಆರಂಭಿಸಿದ ಮೇಲೆ ಉಬ್ಬಸ ಹೆಚ್ಚಾಗಿದೆ. ಎರಡಕ್ಕೂ ಸಂಬಂಧವಿದೆಯೇ?

ಉತ್ತರ: ಇರಬಹುದು. ಬಾಟಲಿಯ ಮೇಲೆ ಟಿಮೊಲಾಲ್ ಎಂದಿದೆಯೇ ನೋಡಿ. ಎರಡು ಔಷಧಗಳನ್ನು ಬೆರೆಸಿದ ಹಲವು ಹನಿಗಳಲ್ಲಿಯೂ ಇದು ಇರುತ್ತದೆ. ಆಸ್ತಮಾ ಇರುವವರಿಗೆ ಇದು ಕೊಡುವಂತಹದಲ್ಲ. ಮುಂದಿನ ಭೇಟಿಯವರೆಗೆ ಕಾಯದೆ ಇಂದೇ ನೇತ್ರತಜ್ಞರಿಗೆ ಫೋನ್ ಮಾಡಿ ಬದಲಿ ಔಷಧ ಕೇಳಿ. ಉಸಿರಾಟಕ್ಕೆ ತುಂಬ ಕಷ್ಟವಾಗುತ್ತಿದ್ದರೆ ಹನಿ ಹಾಕದೆ, ತಡಮಾಡದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ, ಬಾಟಲಿಯನ್ನೂ ಜೊತೆಗಿಟ್ಟುಕೊಳ್ಳಿ.