ಹಳೇ ಅಂಬಾಸಿಡರ್ ಇಂಜಿನ್ ಬಿಚ್ಚಿಸುವಾಗ ದುಡ್ಡು ಎಲ್ಲಿಗೆ ಹಾಕಬೇಕು?

ತಾತನ ಮಾರ್ಕ್ 2 ಹೊಗೆ ಹಾಕ್ತಿದೆ, ಇಂಜಿನ್ ಪೂರ್ತಿ ಬಿಚ್ಚಿಸಬೇಕು, ಹಾಗೇ ಸ್ವಲ್ಪ ಪಿಕಪ್ಪೂ ಬೇಕು, ಆದರೆ ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಕೈಕೊಡಬಾರದು ಅಂತ ಕೇಳಿದ್ದೀರಿ. ಎರಡೂ ಸಿಗುತ್ತೆ. ರೇಸಿಂಗ್ ಕ್ಯಾಮ್ (ವಾಲ್ವ್‌ಗಳನ್ನು ಹೆಚ್ಚು ಹೊತ್ತು ತೆರೆದಿಡೋ ದಂಡ), ಜೋಡಿ ಕಾರ್ಬ್ಯುರೇಟರ್ ಆಸೆ ಬಿಡಿ, ಆ ದುಡ್ಡೆಲ್ಲ ಲೇತ್ ಕೆಲಸಕ್ಕೆ ಹೋಗಲಿ.

ನನ್ನ ಕಾರಿನಲ್ಲಿರೋದೂ ಅದೇ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ 1489 ಸಿಸಿ ಇಂಜಿನ್. ಬೋರ್ (ಸಿಲಿಂಡರಿನ ಅಗಲ) 73 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡೋ ಉದ್ದ) ಹೆಚ್ಚುಕಮ್ಮಿ 89, ಕ್ರ್ಯಾಂಕ್‌ಗೆ ಮೇನ್ ಬೇರಿಂಗ್ ಮೂರೇ. ಇಷ್ಟುದ್ದ ಸ್ಟ್ರೋಕ್ ಇರೋದು ಕಡಿಮೆ ಆರ್‌ಪಿಎಂನಲ್ಲಿ ಎಳೆಯೋಕೆ. ರೇಸಿಂಗ್ ಕ್ಯಾಮ್ ಕೆಲಸ ಮಾಡೋ ಜಾಸ್ತಿ ಆರ್‌ಪಿಎಂನಲ್ಲಿ ಮೂರು ಬೇರಿಂಗಿನ ಕ್ರ್ಯಾಂಕ್ ಸುಖವಾಗಿರಲ್ಲ.

ಪಿಸ್ಟನ್ ಕೈಗೆ ಬರೋವರೆಗೂ ಬ್ಲಾಕ್ ಬೋರ್ ಮಾಡಿಸಬೇಡಿ (ಅಂದರೆ ಸವೆದ ಸಿಲಿಂಡರ್ ಕೊರೆಸಿ ಅಗಲ ಮಾಡಿಸಬೇಡಿ). ಪಿಸ್ಟನ್ ಅಳೆದೇ ಬೋರ್ ಮಾಡಬೇಕು. ರಿಂಗ್ ಗ್ಯಾಪ್ 0.3 ಮಿ.ಮೀ. ಆಸುಪಾಸು, ಪ್ರತಿ ರಿಂಗನ್ನೂ ಅದರದೇ ಸಿಲಿಂಡರಿಗೆ ಹಾಕಿ ನೋಡಬೇಕು. ಪಿಸ್ಟನ್, ಕನೆಕ್ಟಿಂಗ್ ರಾಡ್‌ಗಳ ತೂಕ ಸಮ ಮಾಡಿಸಿ, ಕ್ರ್ಯಾಂಕ್, ಫ್ಲೈವೀಲ್ ಬ್ಯಾಲೆನ್ಸ್ ಮಾಡಿಸಿ. "ಇದಕ್ಕೆಲ್ಲ ಬೇಡ ಬಿಡಿ ಸಾರ್" ಅಂತಾರೆ ಮೆಕ್ಯಾನಿಕ್‌ಗಳು. ಪಟ್ಟು ಬಿಡಬೇಡಿ. ಕ್ಯಾಮ್ ಮೇಲೆ ಕೂತು ವಾಲ್ವ್ ಎತ್ತೋ ಹಳೇ ಟ್ಯಾಪೆಟ್‌ಗಳನ್ನೇ ಹಾಕೋದಾದರೆ ಒಂದರ ಜಾಗಕ್ಕೆ ಇನ್ನೊಂದು ಹೋಗಬಾರದು, ಬಿಚ್ಚುವಾಗಲೇ ನಂಬರ್ ಹಾಕಿಸಿ.

ಪಿಕಪ್ ಬರೋದು ಹೆಡ್ಡಿನಿಂದ, ಅಂದರೆ ವಾಲ್ವ್‌ಗಳಿರೋ ಇಂಜಿನ್ನಿನ ಮೇಲ್ಭಾಗದಿಂದ. ಹೊಸ ವಾಲ್ವ್ ಗೈಡ್, ಮೂರು ಕೋನದಲ್ಲಿ ಕತ್ತರಿಸಿದ ವಾಲ್ವ್ ಸೀಟು, ಮ್ಯಾನಿಫೋಲ್ಡ್‌ಗೆ ಸರಿಯಾಗಿ ಕೂರೋ ಪೋರ್ಟ್, ಇಷ್ಟು ಸಾಕು. ಸೀಟ್ ಸವೆಯದ ಹಾಗೆ ಕಾಯುತ್ತಿದ್ದ ಸೀಸದ ಪೆಟ್ರೋಲ್ 2000ದಲ್ಲಿ ನಿಂತುಹೋಗಿದ್ದರಿಂದ ಎಕ್ಸಾಸ್ಟ್‌ಗೆ ಗಟ್ಟಿ ಸೀಟ್ ಹಾಕಿಸಲೇಬೇಕು. ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಗಾಳಿ ತೆಳು, ಇಂಜಿನ್ ಹತ್ತರಲ್ಲಿ ಒಂದು ಪಾಲು ಶಕ್ತಿ ಇಲ್ಲೇ ಕಳಕೊಳ್ಳುತ್ತೆ. ಹೆಡ್ ಸ್ವಲ್ಪ ಫೇಸಿಂಗ್ ಮಾಡಿಸಿ (ತಳ ಸವರಿಸಿ) ಕಂಪ್ರೆಷನ್ 8.3:1ರವರೆಗೆ ತಂದರೆ ಒಂದಷ್ಟು ವಾಪಸ್ ಬರುತ್ತೆ. ಆದರೆ ಶಿರಾಡಿ ಇಳಿದು ಮಂಗಳೂರಿಗೆ ಹೋದಾಗಲೂ ನಾಕಿಂಗ್ (ಇಂಜಿನ್ ಕಟಕಟ ಹೊಡೆಯೋದು) ಬರದ ಹಾಗೆ ಸ್ಪಾರ್ಕ್ ಟೈಮಿಂಗ್ ಇಡಿ.

ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಇ20 ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬಿಡುಗಡೆಯಾಗಿದ್ದೂ ಬೆಂಗಳೂರಿನಲ್ಲೇ. ಹಳೇ ರಬ್ಬರ್ ಹೋಸ್, ಪೆಟ್ರೋಲ್ ಪಂಪಿನ ಡಯಾಫ್ರಂ ಎರಡನ್ನೂ ಎಥನಾಲ್ ತಡೆಯೋ ಜಾತಿಗೆ ಬದಲಿಸಿ. ಈ ಪೆಟ್ರೋಲಿಗೆ ಮಿಕ್ಸ್ಚರ್ ಲೀನ್ ಆಗುತ್ತೆ (ಗಾಳಿಗೆ ತಕ್ಕಷ್ಟು ಇಂಧನ ಇರಲ್ಲ), ಎಸ್‌ಯು ಕಾರ್ಬ್ಯುರೇಟರ್ ಆದರೆ ಒಂದಷ್ಟು ರಿಚ್ ಮಾಡಿಸಿ.

ಜಾಮ್‌ನಲ್ಲಿ ಬಿಸಿಯಾಗೋದಕ್ಕೆ ಎಲ್ಲರೂ ರೇಡಿಯೇಟರ್ ಬೈತಾರೆ. ಬ್ಲಾಕ್ ಒಳಗೆ ನೋಡಿ. ವರ್ಷಗಟ್ಟಲೆ ಬೋರ್‌ವೆಲ್ ನೀರು ಕುಡಿದ ಇಂಜಿನ್ನಿನ ವಾಟರ್ ಜಾಕೆಟ್‌ನಲ್ಲಿ, ಅದರಲ್ಲೂ ಹಿಂದಿನ ಸಿಲಿಂಡರ್ ಸುತ್ತ, ಸುಣ್ಣ, ತುಕ್ಕು, ಕೆಸರು ಗಟ್ಟಿಯಾಗಿ ಕೂತಿರುತ್ತೆ. ಕೋರ್ ಪ್ಲಗ್ (ಬ್ಲಾಕಿನ ತೂತುಗಳಿಗೆ ಬಡಿದ ತಗಡಿನ ಮುಚ್ಚಳ) ಎಲ್ಲ ತೆಗೆಸಿ, ಕೆರೆಸಿ, ತೊಳೆಸಿ, ಆಮೇಲೆ ಬೋರಿಂಗ್‌ಗೆ ಕಳಿಸಿ. ಮುಂದಕ್ಕೆ ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲೆಂಟ್ ಮಾತ್ರ.

ಮೊದಲ ಸಲ ಸ್ಟಾರ್ಟ್ ಆದಮೇಲೆ ಐಡ್ಲಿಂಗಲ್ಲಿ ಬಿಡಬೇಡಿ. ಕ್ಯಾಮ್, ಟ್ಯಾಪೆಟ್ ಹೊಸದಾಗಿದ್ದರೆ 2000 ಆರ್‌ಪಿಎಂ ಆಸುಪಾಸು 20 ನಿಮಿಷ ಓಡಿಸಿ. ಆಯಿಲ್ 20ಡಬ್ಲ್ಯು-50, ಜಿಂಕ್ ಇರೋದು. ಕೆಲವು ನೂರು ಕಿಲೋಮೀಟರ್ ಆದಮೇಲೆ ಹೆಡ್ ನಟ್ ಮತ್ತೆ ಟೈಟ್ ಮಾಡಿಸಿ, ಟ್ಯಾಪೆಟ್ ಗ್ಯಾಪ್ 0.015 ಇಂಚಿಗೆ ಇಟ್ಟು, ಆಯಿಲ್ ಬದಲಿಸಿ.